ಇಂಪ್ರೆಷನ್ ಇದೆ, ಕ್ಲಿಕ್ ಇಲ್ಲ: ಫೋರಂ ನಡೆಸುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆಯ ಹೊಲಿಗೆ ಯಂತ್ರಗಳ ರಿಪೇರಿಗೇ ಮೀಸಲಾದ ಫೋರಂ ನಮ್ಮದು. ಒಂದು ವರ್ಷದಿಂದೀಚೆಗೆ ಗೂಗಲ್‌ನಿಂದ ಬರುವವರು ಅರ್ಧಕ್ಕೆ ಇಳಿದಿದ್ದಾರೆ. ಫಲಿತಾಂಶಗಳ ಮೇಲೆ ಗೂಗಲ್ ತಾನೇ ಬರೆದು ತೋರಿಸುವ ಎಐ ಸಾರಾಂಶವೇ ಕಾರಣ ಎಂದು ಕೆಲವರು, ನಮ್ಮ ರ‍್ಯಾಂಕ್ ಬಿದ್ದಿದೆ ಎಂದು ಕೆಲವರು ಹೇಳುತ್ತಾರೆ. ಪತ್ತೆ ಹಚ್ಚುವುದು ಹೇಗೆ?

ಉತ್ತರ: ಎರಡೂ ಬೇರೆ ಬೇರೆ ತೊಂದರೆ, ಪರಿಹಾರವೂ ಬೇರೆ. ಹಾಗಾಗಿ ಸೈಟಿನಲ್ಲಿ ಏನನ್ನಾದರೂ ಬದಲಿಸುವ ಮೊದಲು, ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಟೂಲ್ ಆದ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಅಲ್ಲಿ 16 ತಿಂಗಳ ಲೆಕ್ಕ ಮಾತ್ರ ಉಳಿಯುತ್ತದೆ. ಕಳೆದ 3 ತಿಂಗಳನ್ನು ಹಿಂದಿನ ವರ್ಷದ ಅದೇ 3 ತಿಂಗಳ ಜೊತೆ ಹೋಲಿಸಲು ಅಷ್ಟು ಸಾಕು. ಹಬ್ಬ, ರಜೆಗಳ ಏರಿಳಿತ ಲೆಕ್ಕ ಕೆಡಿಸುವುದರಿಂದ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಇವತ್ತಿನಿಂದಲೇ ಪ್ರತಿ ತಿಂಗಳ ವರದಿಯನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಸೈಟಿನ ಒಟ್ಟು ಸರಾಸರಿ ನೋಡಿ ತೀರ್ಮಾನಕ್ಕೆ ಬಂದರೆ ಮೋಸ ಹೋಗುತ್ತೀರಿ. ಹಿಂದೆ ಹೆಚ್ಚು ಕ್ಲಿಕ್ ತಂದ 30 ಹುಡುಕಾಟಗಳನ್ನು ಆರಿಸಿ, ಒಂದೊಂದಕ್ಕೂ ಇಂಪ್ರೆಷನ್ (ನಿಮ್ಮ ಕೊಂಡಿ ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು), ಕ್ಲಿಕ್, ಸ್ಥಾನ ಮೂರನ್ನೂ ಬರೆದುಕೊಳ್ಳಿ. ಸ್ಥಾನ ಮೊದಲಿನಷ್ಟೇ ಇದ್ದು, ಇಂಪ್ರೆಷನ್ ಕೂಡ ಇದ್ದು, ಕ್ಲಿಕ್ ಮಾತ್ರ ಕುಸಿದಿದ್ದರೆ ನಿಮ್ಮ ಪುಟಕ್ಕೆ ಏನೂ ಆಗಿಲ್ಲ, ಅದರ ಮೇಲೆ ಏನೋ ಬಂದು ಕೂತಿದೆ. ಸ್ಥಾನವೇ 3ರಿಂದ 11ಕ್ಕೆ ಜಾರಿದ್ದರೆ ಅದು ರ‍್ಯಾಂಕಿನ ವಿಷಯ. ಕುಸಿತ ಶುರುವಾದ ದಿನವನ್ನು ಗೂಗಲ್ ಪ್ರಕಟಿಸುವ ಕೋರ್ ಅಪ್‌ಡೇಟ್ (ಸ್ಥಾನ ನಿರ್ಧರಿಸುವ ಪದ್ಧತಿಯ ದೊಡ್ಡ ಬದಲಾವಣೆ) ದಿನಾಂಕಗಳ ಜೊತೆ ತಾಳೆ ಹಾಕಿ. ಇವು ಒಂದೇ ದಿನದಲ್ಲಿ ಮುಗಿಯುವುದಿಲ್ಲ: 2024ರ ಮಾರ್ಚ್ 5ಕ್ಕೆ ಶುರುವಾದ ಅಪ್‌ಡೇಟ್ ಮುಗಿದದ್ದು ಏಪ್ರಿಲ್ 19ಕ್ಕೆ. ಇನ್ನು, ಸ್ಥಾನ ಹಾಗೇ ಇದ್ದು ಇಂಪ್ರೆಷನ್ ಮತ್ತು ಕ್ಲಿಕ್ ಎರಡೂ ಇಳಿದಿದ್ದರೆ, ಆ ಪ್ರಶ್ನೆಯನ್ನು ಜನ ಗೂಗಲ್‌ನಲ್ಲಿ ಕೇಳುವುದನ್ನೇ ಕಡಿಮೆ ಮಾಡಿದ್ದಾರೆ, ಬಹುಶಃ ಚಾಟ್‌ಬಾಟ್ ಹತ್ತಿರ ಹೋಗಿದ್ದಾರೆ.

ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಹಲವು ಸೈಟ್‌ಗಳ ಡೆಸ್ಕ್‌ಟಾಪ್ ಇಂಪ್ರೆಷನ್ ಒಮ್ಮೆಲೇ ಬಿದ್ದು, ಸರಾಸರಿ ಸ್ಥಾನ ಸುಧಾರಿಸಿದಂತೆ ಕಾಣಿಸಿತು. ಒಂದೇ ಪುಟದಲ್ಲಿ 100 ಫಲಿತಾಂಶ ತರಿಸಿಕೊಳ್ಳುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿತ್ತು. ರ‍್ಯಾಂಕ್ ಪರೀಕ್ಷಿಸುವ ಟೂಲ್‌ಗಳು ಅದನ್ನೇ ಬಳಸುತ್ತಿದ್ದವು. ಬಿದ್ದದ್ದು ಆ ಟೂಲ್‌ಗಳ ಲೆಕ್ಕ, ಮನುಷ್ಯರದ್ದಲ್ಲ. ಈ ದಿನಾಂಕದ ಆಚೆ ಈಚೆ ಹೋಲಿಸುವಾಗ ಕ್ಲಿಕ್ಕನ್ನು ಮಾತ್ರ ನಂಬಿ.

ಎಐ ಸಾರಾಂಶದಿಂದ ಬಂದ ಕ್ಲಿಕ್ಕನ್ನು ಸರ್ಚ್ ಕನ್ಸೋಲ್ ಮಾಮೂಲಿ ಹುಡುಕಾಟದ ಲೆಕ್ಕಕ್ಕೇ ಸೇರಿಸುತ್ತದೆ. ಆದ್ದರಿಂದ ಆ 30 ಹುಡುಕಾಟಗಳನ್ನು ಲಾಗಿನ್ ಆಗದ ಬ್ರೌಸರ್‌ನಲ್ಲಿ, ಮೊಬೈಲ್‌ನಲ್ಲೂ ನೀವೇ ಮಾಡಿ ನೋಡಬೇಕು. ಸಾರಾಂಶ ಬರುವ ಹುಡುಕಾಟ ಯಾವುದು, ಬಾರದ್ದು ಯಾವುದು ಎಂದು ಗುರುತು ಹಾಕಿ. ಪರಿಣಾಮ ಸಣ್ಣದಲ್ಲ. ಅಮೆರಿಕದ ಬಳಕೆದಾರರ 2025ರ ಮಾರ್ಚ್ ತಿಂಗಳ ಬ್ರೌಸಿಂಗ್ ಅನ್ನು ಪ್ಯೂ ರಿಸರ್ಚ್ ಸೆಂಟರ್ ಪರಿಶೀಲಿಸಿತ್ತು. ಎಐ ಸಾರಾಂಶ ಕಾಣಿಸದಿದ್ದಾಗ ಶೇ 15ರಷ್ಟು ಭೇಟಿಗಳಲ್ಲಿ ಜನ ಫಲಿತಾಂಶದ ಕೊಂಡಿ ಒತ್ತಿದ್ದರು, ಸಾರಾಂಶ ಇದ್ದಾಗ ಶೇ 8ರಷ್ಟರಲ್ಲಿ ಮಾತ್ರ. ಸಾರಾಂಶದೊಳಗಿನ ಕೊಂಡಿ ಒತ್ತಿದ್ದು ಶೇ 1ರಷ್ಟು.

ಪ್ರಶ್ನೆ: ಗೂಗಲ್ ಈಗ ಫೋರಂಗಳಿಗೆ ಒತ್ತು ಕೊಡುತ್ತದೆ ಎನ್ನುತ್ತಾರೆ. ಆದರೆ ಮೇಲೆ ಬರುವುದು ರೆಡಿಟ್, ನಾವಲ್ಲ. ಚಿಕ್ಕ ಫೋರಂಗೆ ದಾರಿ ಇದೆಯೇ?

ಉತ್ತರ: ಒತ್ತು ಕೊಟ್ಟದ್ದು ನಿಜ. ಚರ್ಚಾವೇದಿಕೆಗಳಿಗೆಂದೇ 'ಡಿಸ್ಕಷನ್ ಫೋರಂ ಪೋಸ್ಟಿಂಗ್' ಎಂಬ ಮಾರ್ಕಪ್‌ಗೆ (ಪುಟದಲ್ಲಿ ಯಾವುದು ಏನೆಂದು ಸರ್ಚ್ ಎಂಜಿನ್‌ಗೆ ತಿಳಿಸುವ ಕೋಡ್) ಗೂಗಲ್ 2023ರ ನವೆಂಬರ್‌ನಲ್ಲಿ ಬೆಂಬಲ ಕೊಟ್ಟಿತು. ನಿಮ್ಮ ಒಂದು ಥ್ರೆಡ್‌ನ ವಿಳಾಸವನ್ನು ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ಎಂಬ ಟೂಲ್‌ಗೆ ಹಾಕಿ ನೋಡಿ. ಬರೆದವರ ಹೆಸರು, ಬರೆದ ದಿನಾಂಕ, ಪಠ್ಯ, ಕೆಳಗಿನ ಉತ್ತರಗಳು ಸಿಕ್ಕರೆ ಸರಿ. ಡಿಸ್ಕೋರ್ಸ್, ಝೆನ್‌ಫೋರೋ ಎಂಬ ಫೋರಂ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಗಳಲ್ಲಿ ಇದು ತಾನಾಗಿ ಬರುತ್ತದೆ. ಹಳೆಯ ಆವೃತ್ತಿಯಾದರೆ ಟೆಂಪ್ಲೇಟ್‌ಗೆ ಸೇರಿಸಬೇಕಾದೀತು.

ಮಾರ್ಕಪ್‌ಗಿಂತ ಹೆಚ್ಚು ನಷ್ಟ ಮಾಡುವುದು ಪುಟ ಸಂಖ್ಯೆಯ ತಪ್ಪು. 7 ಪುಟ ಬೆಳೆದ ಥ್ರೆಡ್‌ನಲ್ಲಿ 2ನೇ ಪುಟದಿಂದ ಮುಂದಿನವೆಲ್ಲ ಕ್ಯಾನಾನಿಕಲ್ ಟ್ಯಾಗ್‌ನಲ್ಲಿ (ಮೂಲ ಪುಟ ಯಾವುದೆಂದು ಗೂಗಲ್‌ಗೆ ಹೇಳುವ ಗುರುತು) 1ನೇ ಪುಟವನ್ನು ತೋರಿಸುತ್ತಿದ್ದರೆ, 6ನೇ ಪುಟದ ಒಳ್ಳೆಯ ಉತ್ತರ ಗೂಗಲ್‌ನ ಇಂಡೆಕ್ಸ್‌ಗೆ (ಹುಡುಕಾಟದ ಪಟ್ಟಿಗೆ) ಹೋಗದೇ ಇರಬಹುದು. ಪ್ರತಿ ಪುಟವೂ ತನ್ನನ್ನೇ ಕ್ಯಾನಾನಿಕಲ್ ಎಂದು ತೋರಿಸಬೇಕು. ಪ್ರಿಂಟ್ ಪುಟ, ವಿಂಗಡಣೆಯ ಆಯ್ಕೆಗಳಿರುವ ವಿಳಾಸ, ಒಂದೂ ಪೋಸ್ಟ್ ಹಾಕದ ಸದಸ್ಯರ ಪ್ರೊಫೈಲ್‌ಗಳಿಗೆ ನೋಇಂಡೆಕ್ಸ್ (ಇಂಡೆಕ್ಸ್‌ಗೆ ಸೇರಿಸಬೇಡಿ ಎಂಬ ಸೂಚನೆ) ಹಾಕಿ. ಆದರೆ ಅವನ್ನೇ, ಬಾಟ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬಾಟ್ಸ್ ಫೈಲ್‌ನಲ್ಲೂ ತಡೆಯಬೇಡಿ. ತಡೆದರೆ ಗೂಗಲ್‌ಬಾಟ್ (ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಪ್ರೋಗ್ರಾಂ) ಪುಟವನ್ನು ತೆರೆಯುವುದಿಲ್ಲ, ತೆರೆಯದಿದ್ದರೆ ನೋಇಂಡೆಕ್ಸ್ ಅದರ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಥ್ರೆಡ್‌ಗಳನ್ನೇ ಕೈಗೆತ್ತಿಕೊಳ್ಳಿ. ನನ್ನ ಪ್ರಕಾರ ನಿಮ್ಮ ಶ್ರಮದ ಹೆಚ್ಚಿನ ಪಾಲು ಇಲ್ಲೇ ಸಲ್ಲಬೇಕು. ಉದಾಹರಣೆಗೆ 'ಸಹಾಯ ಮಾಡಿ, ತುರ್ತು' ಎಂಬ ಶೀರ್ಷಿಕೆಯ ಥ್ರೆಡ್ ಒಂದಿದೆ ಎನ್ನೋಣ. ಒಳಗಿನ ಪ್ರಶ್ನೆ, ಬಟ್ಟೆಯ ಕೆಳಗೆ ನೂಲು ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತದೆ ಎಂಬುದು. ಎಐ ಸಾರಾಂಶ ಹೇಳುವುದು ಇಷ್ಟು: ಸೂಜಿ ಬದಲಿಸಿ, ಬಾಬಿನ್ ನೋಡಿ, ಟೆನ್ಷನ್ ಸರಿ ಮಾಡಿ. ಥ್ರೆಡ್‌ನ 14ನೇ ಉತ್ತರದಲ್ಲಿ ಒಬ್ಬರು ಬರೆದಿದ್ದಾರೆ: ಗಂಟು ಕೆಳಗೆ ಕಂಡರೂ ತಪ್ಪು ಮೇಲಿನ ನೂಲಿನದು, ಪ್ರೆಸ್ಸರ್ ಫೂಟ್ ಇಳಿಸಿಟ್ಟು ನೂಲು ಪೋಣಿಸಿದರೆ ಟೆನ್ಷನ್ ಡಿಸ್ಕ್‌ಗಳು ಮುಚ್ಚಿರುತ್ತವೆ, ನೂಲು ನಡುವೆ ಕೂರುವುದಿಲ್ಲ, ಫೂಟ್ ಎತ್ತಿ ಮತ್ತೆ ಪೋಣಿಸಿ, ಇಳಿಸಿದ ಮೇಲೆ ನೂಲು ಎಳೆದಾಗ ಬಿಗಿ ಸಿಗಬೇಕು. ಕಾರಣ, ಪರೀಕ್ಷೆ ಎರಡೂ ಇರುವ ಉತ್ತರ ಇದು. ಶೀರ್ಷಿಕೆಯನ್ನು 'ಬಟ್ಟೆಯ ಕೆಳಗೆ ನೂಲು ಗಂಟು: ಬಾಬಿನ್ ಬದಲಿಸಿದರೂ ಹೋಗುತ್ತಿಲ್ಲ' ಎಂದು ತಿದ್ದಿ. ಯಂತ್ರದ ಮಾಡೆಲ್ ಸೇರಿಸಿ. ಆ ಉತ್ತರವನ್ನು ಬರೆದವರ ಹೆಸರಿನ ಸಮೇತ ಮೊದಲ ಪೋಸ್ಟ್‌ನ ಕೆಳಗೇ ಕಾಣುವಂತೆ ಮಾಡಿ. ಫೋಟೊಗಳನ್ನು ಲಾಗಿನ್ ಆದವರಿಗೆ ಮಾತ್ರ ತೋರಿಸುವ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ವಾರಕ್ಕೆ 10 ಥ್ರೆಡ್ ಹೀಗೆ ತಿದ್ದಿದರೂ ವರ್ಷದಲ್ಲಿ 500 ದಾಟುತ್ತದೆ.

ಪ್ರಶ್ನೆ: ಎಐ ಬಾಟ್‌ಗಳು ನುಗ್ಗಿ ಸರ್ವರ್ ನಿಲ್ಲುವಷ್ಟಾಗಿದೆ. ಎಲ್ಲವನ್ನೂ ತಡೆಯಬಹುದೇ? ತಡೆದರೆ ಗೂಗಲ್‌ನಿಂದಲೂ ಮಾಯವಾಗುತ್ತೇವೆಯೇ?

ಉತ್ತರ: ಮೊದಲು ಒಂದು ದಿನದ ಸರ್ವರ್ ಲಾಗ್ ತೆಗೆದು, ಯೂಸರ್ ಏಜೆಂಟ್ (ಬಂದ ಬಾಟ್ ಅಥವಾ ಬ್ರೌಸರ್ ಹೇಳಿಕೊಳ್ಳುವ ಹೆಸರು) ಪ್ರಕಾರ ಎಣಿಸಿ. ಯಾರು ಬರುತ್ತಿದ್ದಾರೆ ಎಂದು ತಿಳಿಯದೆ ತಡೆಯಲು ಹೋಗಬೇಡಿ.

ಬಾಟ್‌ಗಳಲ್ಲಿ ಮೂರು ಬಗೆ. ಮಾಡೆಲ್ ತರಬೇತಿಗೆ ಪಠ್ಯ ಸಂಗ್ರಹಿಸುವವು ಜಿಪಿಟಿಬಾಟ್, ಕ್ಲಾಡ್‌ಬಾಟ್, ಸಿಸಿಬಾಟ್. ಎಐ ಹುಡುಕಾಟಕ್ಕೆ ಇಂಡೆಕ್ಸ್ ಮಾಡಿ ಕೊಂಡಿ ಕೊಡುವವು ಒಎಐ-ಸರ್ಚ್‌ಬಾಟ್, ಪರ್‌ಪ್ಲೆಕ್ಸಿಟಿಬಾಟ್. ಮನುಷ್ಯರೊಬ್ಬರು ಚಾಟ್‌ನಲ್ಲಿ ಕೇಳಿದ ಕ್ಷಣ ಪುಟ ತೆರೆಯುವುದು ಚಾಟ್‌ಜಿಪಿಟಿ-ಯೂಸರ್. ಮೊದಲ ಗುಂಪನ್ನು ತಡೆದರೆ ಗೂಗಲ್ ಹುಡುಕಾಟಕ್ಕೆ ಧಕ್ಕೆ ಇಲ್ಲ. ಎರಡನೆಯದನ್ನು ತಡೆದರೆ ಅಲ್ಲಿಂದ ಬರುವ ಓದುಗರೂ ನಿಲ್ಲುತ್ತಾರೆ, ಆದ್ದರಿಂದ ಅದನ್ನು ಬಿಡುವುದೇ ಲೇಸು.

ಗೂಗಲ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 2023ರಲ್ಲಿ ಬಂದ 'ಗೂಗಲ್-ಎಕ್ಸ್‌ಟೆಂಡೆಡ್' ಪ್ರತ್ಯೇಕ ಬಾಟ್ ಅಲ್ಲ, ರೋಬಾಟ್ಸ್ ಫೈಲ್‌ನಲ್ಲಿ ಬರೆಯುವ ಒಂದು ಗುರುತು ಅಷ್ಟೇ. ಜೆಮಿನಿ ಮಾಡೆಲ್‌ಗಳ ತರಬೇತಿಗೆ ನಿಮ್ಮ ಪಠ್ಯ ಬಳಸದಂತೆ ಅದು ಹೇಳುತ್ತದೆ. ಹುಡುಕಾಟದ ಪುಟದ ಎಐ ಸಾರಾಂಶವನ್ನು ಅದು ತಡೆಯುವುದಿಲ್ಲ, ಏಕೆಂದರೆ ಅದಕ್ಕೆ ಪಠ್ಯ ತರುವುದು ಮಾಮೂಲಿ ಗೂಗಲ್‌ಬಾಟ್. ಫಲಿತಾಂಶದಲ್ಲಿ ಪುಟದ ಪಠ್ಯ ತೋರಿಸದಂತೆ ಹೇಳುವ ನೋಸ್ನಿಪೆಟ್ ಅಥವಾ ಅದರ ಉದ್ದಕ್ಕೆ ಮಿತಿ ಹಾಕುವ ಮ್ಯಾಕ್ಸ್-ಸ್ನಿಪೆಟ್ ಸೂಚನೆ ಹಾಕಿದರೆ ಸಾರಾಂಶಕ್ಕೆ ಸಿಗುವ ಪಠ್ಯ ಕಡಿಮೆಯಾಗುತ್ತದೆ ನಿಜ, ಜೊತೆಗೆ ಮಾಮೂಲಿ ಫಲಿತಾಂಶದ ಕೆಳಗಿನ ವಿವರಣೆಯೂ ಹೋಗುತ್ತದೆ ಇಲ್ಲವೇ ಚಿಕ್ಕದಾಗುತ್ತದೆ. ವಿವರಣೆ ಇಲ್ಲದ ಬರೀ ಶೀರ್ಷಿಕೆಯನ್ನು ಒತ್ತುವವರು ಕಡಿಮೆ. ಇಡೀ ಫೋರಂಗೆ ಹಾಕಬೇಡಿ. ಹಾಕಲೇಬೇಕೆಂದಿದ್ದರೆ ಡೇಟಾ-ನೋಸ್ನಿಪೆಟ್‌ನಿಂದ ಪುಟದ ಒಂದು ಭಾಗವನ್ನಷ್ಟೇ ಮುಚ್ಚಿ.

ರೋಬಾಟ್ಸ್ ಫೈಲ್ ಬರೀ ವಿನಂತಿ. ಅದನ್ನು ಲೆಕ್ಕಿಸದ ಬಾಟ್‌ಗಳೂ, ಗೂಗಲ್‌ಬಾಟ್ ಎಂದು ಸುಳ್ಳು ಹೆಸರು ಹೇಳುವವೂ ಇವೆ. ಅನುಮಾನ ಬಂದ ಐಪಿ ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಡೊಮೈನ್ ಹೆಸರು ಹುಡುಕುವುದು) ಮಾಡಿ. ಅಸಲಿಯಾದರೆ ಗೂಗಲ್‌ನದೇ ಡೊಮೈನ್ ಹೆಸರು ಬರುತ್ತದೆ, ಆ ಹೆಸರಿನಿಂದ ತಿರುಗಿ ಹುಡುಕಿದರೆ ಅದೇ ಐಪಿ ಸಿಗಬೇಕು. ನಕಲಿಗಳನ್ನು ಫೈರ್‌ವಾಲ್‌ನಲ್ಲೇ ತಡೆಯಿರಿ. ಸರ್ವರ್‌ಗೆ ಹೆಚ್ಚು ಭಾರವಾಗುವುದು ಫೋರಂನೊಳಗಿನ ಹುಡುಕಾಟದ ಪುಟ. ಅದನ್ನು ಲಾಗಿನ್ ಆದವರಿಗೆ ಮಾತ್ರ ಬಿಟ್ಟರೆ ಅರ್ಧ ಉಸಿರು ಮರಳುತ್ತದೆ. ವೇಗ ತಗ್ಗಿಸಲು ಅಸಲಿ ಗೂಗಲ್‌ಬಾಟ್‌ಗೆ 429 ಅಥವಾ 503 ಉತ್ತರ (ಸದ್ಯಕ್ಕೆ ಪುಟ ಕೊಡಲಾಗದು ಎಂಬ ಸರ್ವರ್ ಸಂಕೇತ) ಕೊಡುವುದಿದ್ದರೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಅದಕ್ಕೂ ಮುಂದುವರಿಸಿದರೆ ಪುಟಗಳು ಇಂಡೆಕ್ಸ್‌ನಿಂದಲೇ ಬಿದ್ದುಹೋಗುವ ಅಪಾಯವಿದೆ.

ಪ್ರಶ್ನೆ: ಸದಸ್ಯರಲ್ಲಿ ಕೆಲವರು ಎಐ ಬರೆದ ಉತ್ತರವನ್ನೇ ಅಂಟಿಸುತ್ತಿದ್ದಾರೆ. ನಿಷೇಧಿಸಬೇಕೇ?

ಉತ್ತರ: ಹೌದು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯೆನಿಸುವ ತಪ್ಪು ಉತ್ತರಗಳು, ತಜ್ಞರು ಪರಿಶೀಲಿಸಿ ಮುಗಿಸಲಾರದಷ್ಟು ವೇಗದಲ್ಲಿ ಬರುತ್ತಿದ್ದವು. ಆದರೆ ಎಐ ಪತ್ತೆ ಟೂಲ್‌ಗಳನ್ನು ನಂಬಿ ಯಾರನ್ನೂ ಹೊರಹಾಕಬೇಡಿ. ಆ ಭಾಷೆ ಸರಾಗವಾಗಿ ಬಾರದವರ ಸ್ವಂತ ಬರಹವನ್ನೂ ಅವು ಯಂತ್ರದ್ದೆಂದು ಹೇಳಿಬಿಡುತ್ತವೆ. ನಿಯಮವನ್ನು ಬೇರೆ ರೀತಿ ಬರೆಯಿರಿ: ಉತ್ತರ ಕೊಡುವವರು ತಾವು ಮಾಡಿ ನೋಡಿದ್ದನ್ನೇ ಬರೆಯಬೇಕು, ಹೊಲಿಗೆ ಯಂತ್ರದ ಮಾಡೆಲ್ ಹೇಳಬೇಕು, ಮಾಡರೇಟರ್ ಕೇಳಿದರೆ ವಿವರ ಕೊಡಬೇಕು. ಅಂಟಿಸಿದವರು ಮಾಡರೇಟರ್ ಕೇಳುವ ಆ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಉತ್ತರವಿಲ್ಲದ ಥ್ರೆಡ್‌ಗಳನ್ನು ಎಐನಿಂದ ತುಂಬಿಸುವ ಯೋಚನೆ ನಿಮಗೇ ಬಂದಿದ್ದರೆ ಕೈಬಿಡಿ. ರ‍್ಯಾಂಕ್‌ಗಾಗಿ ರಾಶಿ ರಾಶಿ ಪಠ್ಯ ಸೃಷ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ನಿಯಮದಡಿ ತಂದಿದೆ.

ಪ್ರಶ್ನೆ: ಹಳೆಯ ಥ್ರೆಡ್‌ಗಳನ್ನೆಲ್ಲ ಅಳಿಸಿದರೆ ರ‍್ಯಾಂಕ್ ಏರುತ್ತದೆಯೇ?

ಉತ್ತರ: ಹಳೆಯದೆಂಬ ಕಾರಣಕ್ಕೆ ಅಳಿಸಬೇಡಿ. ಒಂದೇ ಪ್ರಶ್ನೆಯ ನಾಲ್ಕಾರು ಥ್ರೆಡ್ ಇದ್ದರೆ ಒಂದರೊಳಗೆ ಸೇರಿಸಿ, ಉಳಿದವಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಶಾಶ್ವತ ಸೂಚನೆ) ಕೊಡಿ. ಒಂದೂ ಉತ್ತರ ಬಾರದವಕ್ಕೆ ನೋಇಂಡೆಕ್ಸ್ ಸಾಕು. ಉತ್ತರ ಬಂದ ದಿನ ಅದನ್ನು ತೆಗೆಯಿರಿ.

ಪ್ರಶ್ನೆ: ಹಳೆಯ ಟ್ರಾಫಿಕ್ ಮರಳುವುದಿಲ್ಲ ಎಂದಾದರೆ ನಾವು ಯಾವ ಅಂಕಿಯನ್ನು ನೋಡುತ್ತಿರಬೇಕು?

ಉತ್ತರ: ಒಂದು ಸಾಲಿನ ಉತ್ತರ ಸಾಕಾಗುವ ಪ್ರಶ್ನೆಗಳ ಓದುಗರು ಮರಳುವ ಸಾಧ್ಯತೆ ಕಡಿಮೆ. ಅವರು ಬಂದು, ಓದಿ, ಹೋಗುತ್ತಿದ್ದರು. ನಿಜವಾದ ನಷ್ಟ ಇರುವುದು ಬೇರೆ ಕಡೆ. ಹುಡುಕಿ ಬಂದು, ಉತ್ತರ ಸಿಗದೆ, ಸದಸ್ಯರಾಗಿ ಹೊಸ ಪ್ರಶ್ನೆ ಕೇಳುತ್ತಿದ್ದ ಆ ಕೆಲವೇ ಜನರಿಂದ ಫೋರಂ ಬೆಳೆಯುತ್ತಿತ್ತು. ಪ್ರಶ್ನೆ ನಿಂತರೆ ಉತ್ತರಿಸುವ ಹಿರಿಯರೂ ಬರುವುದನ್ನು ಬಿಡುತ್ತಾರೆ. ಪೇಜ್ ವ್ಯೂಗಿಂತ ಈ ಮೂರನ್ನು ವಾರವಾರ ಬರೆದಿಡಿ: ಹೊಸ ಸದಸ್ಯರು ಕೇಳಿದ ಪ್ರಶ್ನೆಗಳೆಷ್ಟು, ಮೊದಲ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು, 48 ಗಂಟೆ ಕಳೆದರೂ ಉತ್ತರ ಬಾರದವು ಎಷ್ಟು.

ಮೂರನೆಯದು ಏರುತ್ತಿದ್ದರೆ ಉಳಿದೆಲ್ಲ ಬಿಟ್ಟು ಅದನ್ನು ಸರಿಪಡಿಸಿ. ಉತ್ತರ ಬಾರದ ಪ್ರಶ್ನೆಗಳ ಪಟ್ಟಿ ದಿನಕ್ಕೊಮ್ಮೆ ಅನುಭವಿ ಸದಸ್ಯರ ಇಮೇಲ್‌ಗೆ ಹೋಗಲಿ. ಸದಸ್ಯತ್ವದ ಫಾರ್ಮ್ ಉದ್ದವಿದ್ದರೆ ಮೊದಲ ಪ್ರಶ್ನೆಗೆ ಇಮೇಲ್ ವಿಳಾಸವಷ್ಟೇ ಕೇಳಿ, ಸ್ಪ್ಯಾಮ್ ಬಾರದಂತೆ ಮಾಡರೇಟರ್ ಒಪ್ಪಿದ ಮೇಲೆ ಪ್ರಕಟವಾಗಲಿ. ಪ್ರತಿ ಥ್ರೆಡ್‌ನ ಕೊನೆಯಲ್ಲಿ 'ನಿಮ್ಮ ಯಂತ್ರದಲ್ಲಿ ಇದು ಸರಿಹೋಗಲಿಲ್ಲವೇ? ಮಾಡೆಲ್ ಬರೆದು ಇಲ್ಲೇ ಕೇಳಿ' ಎಂಬ ಪೆಟ್ಟಿಗೆಯನ್ನು ಲಾಗಿನ್ ಆಗದವರಿಗೂ ತೋರಿಸಿ. ಅನಲಿಟಿಕ್ಸ್‌ನಲ್ಲಿ ಚಾಟ್‌ಜಿಪಿಟಿ, ಪರ್‌ಪ್ಲೆಕ್ಸಿಟಿ, ಜೆಮಿನಿ, ಕೋಪೈಲಟ್‌ಗಳ ಡೊಮೈನ್‌ಗಳಿಂದ ಬಂದ ಭೇಟಿಗಳನ್ನು ಪ್ರತ್ಯೇಕ ಚಾನೆಲ್ ಮಾಡಿಕೊಳ್ಳಿ. ಆ ಭೇಟಿಗಳು ಬಂದಿಳಿಯುವ ಥ್ರೆಡ್‌ಗಳಿಗೆ ಈ ಪೆಟ್ಟಿಗೆಯನ್ನು ಮೊದಲು ಹಾಕಿ.