ತುಂಡಾದ ರಕ್ತನಾಳವನ್ನು ಹೊಲಿದರೆ ಕೂಡಿಕೊಳ್ಳುತ್ತದಾ?

ಕೂಡಿಕೊಳ್ಳುತ್ತದೆ. ಬೈಕ್ ಅಪಘಾತದಲ್ಲಿ ನಾಳ ತುಂಡಾದರೆ ಕಾಲು ಉಳಿಯುತ್ತದಾ ಅಂತ ಕೇಳಿದ್ದೀರಿ. ಬೇಗ ಹೊಲಿದರೆ ಎಷ್ಟೋ ಸಲ ಉಳಿಯುತ್ತದೆ.

ಮೊದಲೆಲ್ಲ ನಾಳವನ್ನು ಸುಮ್ನೆ ದಾರದಿಂದ ಕಟ್ಟಿಬಿಡುತ್ತಿದ್ದರು. ರಕ್ತ ಸೋರುವುದು ನಿಲ್ಲುತ್ತಿತ್ತು, ಆದರೆ ಕೆಳಗಿನ ಭಾಗ ರಕ್ತವಿಲ್ಲದೆ ಸಾಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಅಮೆರಿಕದ ಸೈನಿಕರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಕೊರಿಯಾ ಯುದ್ಧದಲ್ಲಿ ಸರ್ಜನ್‌ಗಳು ಕಟ್ಟುವ ಬದಲು ಹೊಲಿಯಲು ಶುರು ಮಾಡಿದ ಮೇಲೆ ಅದು ಸುಮಾರು 13%ಗೆ ಇಳಿಯಿತು.

ಹೊಲಿಗೆಯ ದಾರಿ ತೋರಿಸಿದ್ದು ಫ್ರಾನ್ಸ್‌ನ ಸರ್ಜನ್ ಅಲೆಕ್ಸಿಸ್ ಕ್ಯಾರೆಲ್. ಅವರು ಕಸೂತಿ ಹಾಕುವ ಹೆಂಗಸಿನ ಹತ್ತಿರ ಸೂಜಿ ಹಿಡಿಯುವುದನ್ನು ಕಲಿತರು! ನಾಳದ ದುಂಡು ಬಾಯಿಗೆ ಮೂರು ಕಡೆ ದಾರ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ, ನೇರ ಅಂಚನ್ನು ಹೊಲಿಯುವುದು ಸುಲಭ ಅಲ್ವಾ? 1912ರಲ್ಲಿ ನೊಬೆಲ್ ಬಂತು.

ನಾಳ ಜಾಸ್ತಿ ಜಜ್ಜಿಹೋಗಿದ್ದರೆ ಇನ್ನೊಂದು ಕಾಲಿನ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ತುಂಡನ್ನು ತಲೆಕೆಳಗು ಮಾಡಿ ಜೋಡಿಸುತ್ತಾರೆ, ಯಾಕಂದ್ರೆ ಅದರೊಳಗಿನ ಕವಾಟಗಳು ರಕ್ತವನ್ನು ಒಂದೇ ಕಡೆಗೆ ಬಿಡುತ್ತವೆ. ಮೈಸೂರು ರಸ್ತೆಯಲ್ಲಿ ಬಿದ್ದ ನನ್ನ ತಮ್ಮನಿಗೂ ಹಾಗೇ ಮಾಡಿದರು. ರಕ್ತ ನಿಂತು ಆರು ಗಂಟೆ ದಾಟಿದರೆ ಮಾಂಸಖಂಡ ಉಳಿಯುವುದು ಕಷ್ಟ, ಹಾಗಾಗಿ ದಯವಿಟ್ಟು ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಆಪರೇಷನ್ ಆದಮೇಲೆ ನರ್ಸ್ ಅವನ ಪಾದದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಗಂಟೆಗೊಮ್ಮೆ ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣ) ಇಟ್ಟು ನಾಡಿಯ ಸದ್ದು ಕೇಳಿಸುತ್ತಿದ್ದರು.