ಅಪ್ಪೆಮಿಡಿ ದಾಖಲೆ: ತುಂಡಾದ ಟಿಪ್ಪಣಿ, ತೆರೆಯದ ಫೋಟೋ ಲಿಂಕು

ಹೊಸನಗರದ ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಮೊಬೈಲಲ್ಲಿ ಕುಟ್ಟಿ ಮುಗಿಸೋ ಉತ್ತರ ಅಲ್ಲ ಇದು ಅಂತ ಇವತ್ತು ಕೊಟ್ಟಿಗೆ ಕೆಲಸ ಮುಗಿಸಿ ಕಂಪ್ಯೂಟರ್ ಮುಂದೆ ಕೂತಿದೀನಿ. ಉದ್ದ ಆಗುತ್ತೆ, ಎಲೆಯಡಿಕೆ ಹಾಕ್ಕೊಂಡು ಓದಿ.

ಈಗ ತಾನೇ ಗುಂಪಿಗೆ ಸೇರಿದವರಿಗೆ ಒಂದು ಮಾತು. ಅಣ್ಣ 140 ಅಪ್ಪೆಮರಗಳ (ಉಪ್ಪಿನಕಾಯಿ ಮಿಡಿಯ ಮಾವಿನಮರ) ವಿವರವನ್ನ ಅಕ್ಸೆಸ್ ಅನ್ನೋ ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶದಲ್ಲಿ ತುಂಬಿದಾರೆ. ಮರ ಯಾವ ಹೊಳೆದಂಡೇಲಿದೆ, ಮಿಡಿ ಉರುಟೋ ಉದ್ದವೋ, ಸೊನೆ ಎಷ್ಟು, ಪರಿಮಳ ಜೀರಿಗೆಯದೋ ಕರ್ಪೂರದ್ದೋ, ಆ ಮನೆ ಅಜ್ಜಿ ಏನು ಹೇಳಿದ್ರು, ಎಲ್ಲ. ಈಗ ಪಟ್ಟಿ ತೆಗೆದರೆ ಅಜ್ಜಿ ಮಾತು ಅರ್ಧಕ್ಕೇ ನಿಲ್ಲುತ್ತೆ. ಹೊಸ ಕಂಪ್ಯೂಟರಿಗೆ ಬಂದ ಮೇಲೆ ಫೋಟೋ ಲಿಂಕು ಒಂದೂ ತೆರೆಯಲ್ಲ. ಇದು ಅವರ ಸಂಕಟ.

ಮೊದಲು ಟಿಪ್ಪಣಿ ವಿಷಯ. ಗಾಬರಿ ಬೀಳೋಕೆ ಮುಂಚೆ ಟೇಬಲ್ಲನ್ನೇ ತೆಗೀರಿ. ಪಟ್ಟಿಯಲ್ಲ, ಕ್ವೆರಿಯಲ್ಲ (ಟೇಬಲ್ಲಿನಿಂದ ಬೇಕಾದ್ದನ್ನ ಆರಿಸಿ ತೋರಿಸೋದು), ಮಾಹಿತಿ ತುಂಬಿರೋ ಮೂಲ ಟೇಬಲ್. ತುಂಡಾದ ಟಿಪ್ಪಣಿ ಇರೋ ಚೌಕದ ಮೇಲೆ ಕ್ಲಿಕ್ ಮಾಡಿ ಶಿಫ್ಟ್ ಹಿಡಿದು ಎಫ್2 ಒತ್ತಿ. ದೊಡ್ಡ ಪೆಟ್ಟಿಗೆ ತೆರೆದುಕೊಳ್ಳುತ್ತೆ. ಅದರಲ್ಲಿ ಕೊನೆಯ ಮಾತಿನ ತನಕ ಇದ್ರೆ ಏನೂ ಕಳೆದಿಲ್ಲ, ತೋರಿಸೋವಾಗ ಮಾತ್ರ ಕತ್ತರಿ ಬೀಳ್ತಿದೆ. ನೀವು ಹಾಕಿದ ಕಂಪ್ಯೂಟರ್ ಪರದೆಯ ಫೋಟೋ ನೋಡಿದ್ರೆ ನಿಮ್ಮದು ಇದೇ ಅಂತ ನನಗೆ ನೂರಕ್ಕೆ ತೊಂಬತ್ತು ಪಾಲು ಖಾತ್ರಿ.

ಕತ್ತರಿ ಎಲ್ಲಿ ಬೀಳುತ್ತೆ ಅಂದ್ರೆ 255 ಅಕ್ಷರಕ್ಕೆ. ಅಕ್ಸೆಸ್‌ನಲ್ಲಿ ಬರಹಕ್ಕೆ ಎರಡು ಜಾತಿ ಕಾಲಂ. ಶಾರ್ಟ್ ಟೆಕ್ಸ್ಟ್ ಅಂದ್ರೆ ಹೆಚ್ಚೆಂದ್ರೆ 255. ಲಾಂಗ್ ಟೆಕ್ಸ್ಟ್ ಅಂದ್ರೆ ಕೈಯಲ್ಲಿ ಟೈಪ್ ಮಾಡಿದ್ರೂ 65,535ರ ತನಕ ಹಿಡಿಯುತ್ತೆ. ನಿಮ್ಮದು ಅಕ್ಸೆಸ್ 2010, ಅದಕ್ಕೇ ನಿಮಗೆ 'ಮೆಮೋ' ಅಂತ ಕಾಣೋದು. 2013ರಿಂದ ಹೆಸರು ಬದಲಾಯ್ತು, ವಸ್ತು ಅದೇ.

ಈ 255 ಕನ್ನಡದವರಿಗೆ ಇನ್ನೂ ಕಮ್ಮಿ, ಗೊತ್ತಿರಲಿ. ನಾವು 'ತೊಟ್ಟು' ಅಂತ ಎರಡು ಅಕ್ಷರ ಎಣಿಸ್ತೀವಿ. ಕಂಪ್ಯೂಟರ್ ತ, ಒ ಕಾರದ ಗುರುತು, ಟ, ಅರ್ಧಾಕ್ಷರದ ಗುರುತು, ಮತ್ತೊಂದು ಟ, ಉ ಕಾರದ ಗುರುತು ಅಂತ ಆರು ಎಣಿಸುತ್ತೆ. 'ಉಪ್ಪಿನಕಾಯಿ' ನಮಗೆ ಐದು, ಅದಕ್ಕೆ ಹತ್ತು. ಹಾಗಾಗಿ 255 ಅಂದ್ರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅರ್ಧ. ಇಂಗ್ಲಿಷಲ್ಲಿ ಬರೆಯೋರಿಗೆ ನಾಲ್ಕು ವಾಕ್ಯ ದಕ್ಕೋ ಕಡೆ ನಮಗೆ ಎರಡು. ಅಜ್ಜಿ ಇನ್ನೂ 'ಆ ಮರ ನಮ್ಮತ್ತೆ ಕಾಲದಲ್ಲಿ...' ಅಂತ ಶುರು ಹಚ್ಚಿರ್ತಾರೆ, ಅಷ್ಟರಲ್ಲಿ ಜಾಗ ಮುಗೀತು.

ಲಾಂಗ್ ಟೆಕ್ಸ್ಟ್ ಇಟ್ಟರೂ ಯಾಕೆ ತುಂಡಾಗುತ್ತೆ ಅಂತ ಕೇಳಿದ್ರಲ್ಲ. 'ಒಂದೇ ಮರ ಎರಡು ಸಲ ಬರಬಾರದು ಅಂತ ಡುಪ್ಲಿಕೇಟ್ ತೆಗೆಸಿದೀನಿ' ಅಂತ ನೀವೇ ಬರೆದಿದೀರಿ. ಕಳ್ಳ ಅಲ್ಲೇ ಇದಾನೆ. ಕ್ವೆರಿಯಲ್ಲಿ ಯೂನಿಕ್ ವ್ಯಾಲ್ಯೂಸ್ 'ಯೆಸ್' ಮಾಡಿದ್ರೆ ಅಕ್ಸೆಸ್ ಒಂದೊಂದು ಸಾಲನ್ನೂ ಇನ್ನೊಂದರ ಜೊತೆ ಹೋಲಿಸಬೇಕು. ಅಷ್ಟುದ್ದದ ಟಿಪ್ಪಣಿ ಪೂರ್ತಿ ಹೋಲಿಸೋ ತಾಳ್ಮೆ ಅದಕ್ಕಿಲ್ಲ, ಮೊದಲ 255 ಇಟ್ಕೊಂಡು ಉಳಿದಿದ್ದನ್ನ ಬಿಡುತ್ತೆ. ಟೋಟಲ್ಸ್ ಹಾಕಿ ಟಿಪ್ಪಣಿ ಕೆಳಗೆ ಗ್ರೂಪ್ ಬೈ ಬಿಟ್ಟಿದ್ರೂ ಇದೇ ಕಥೆ. ಅಲ್ಲಿ ಗ್ರೂಪ್ ಬೈ ತೆಗೆದು ಫಸ್ಟ್ ಅಂತ ಆರಿಸಿ, ಪೂರ್ತಿ ಬರುತ್ತೆ. ಎರಡು ಟೇಬಲ್ ಒಟ್ಟು ಮಾಡೋಕೆ ಯೂನಿಯನ್ ಬರೆದಿದ್ರೆ ಯೂನಿಯನ್ ಆಲ್ ಮಾಡಿ. ಇನ್ನು ಕೆಲವರು ಕಾಲಂನ ಫಾರ್ಮ್ಯಾಟ್ ಜಾಗದಲ್ಲಿ ಒಂದು @ ಗುರುತು ಬಿಟ್ಟಿರ್ತಾರೆ, ಅದೂ ಕತ್ತರಿಸುತ್ತೆ, ಅಳಿಸಿಬಿಡಿ.

ನಿಮ್ಮ ಪಟ್ಟಿಗೆ ನಾನಾದ್ರೆ ಹೀಗೆ ಮಾಡ್ತೀನಿ: ಮೊದಲ ಕ್ವೆರಿಯಲ್ಲಿ ಮರದ ನಂಬರು ಮಾತ್ರ ಇಟ್ಟು ಡುಪ್ಲಿಕೇಟ್ ತೆಗೆಸೋದು. ಎರಡನೇ ಕ್ವೆರಿಯಲ್ಲಿ ಆ ನಂಬರಿನ ಮೂಲಕ ಮರದ ಟೇಬಲ್ ಜೋಡಿಸಿ ಟಿಪ್ಪಣಿ ತರೋದು. ಹೋಲಿಕೆ ನಂಬರಿನ ಮೇಲೆ ನಡೆಯುತ್ತೆ, ಟಿಪ್ಪಣಿಗೆ ಯಾರೂ ಕೈ ಹಚ್ಚಲ್ಲ.

ಪ್ರಿಂಟ್‌ನಲ್ಲಿ ಮಾತ್ರ ಒಂದೇ ಸಾಲು ಬರ್ತಿದ್ರೆ ಅದು ಬೇರೆ. ರಿಪೋರ್ಟಿನ ಆ ಪೆಟ್ಟಿಗೆಗೆ ಕ್ಯಾನ್ ಗ್ರೋ 'ಯೆಸ್' ಮಾಡಿ, ಅಷ್ಟೇ.

ಟೇಬಲ್‌ನಲ್ಲೇ ತುಂಡಾಗಿದ್ರೆ ಮಾತ್ರ ಹೋಗಿದ್ದು ಹೋಯ್ತು. ಹಾಗಾಗೋದು ಹೆಚ್ಚಾಗಿ ಎಕ್ಸೆಲ್‌ನಿಂದ ತರೋವಾಗ. ಅಕ್ಸೆಸ್ ಮೇಲಿನ ಕೆಲವು ಸಾಲು ನೋಡಿ 'ಓಹೋ, ಇದು ಚಿಕ್ಕ ಬರಹ' ಅಂತ ತೀರ್ಮಾನ ಮಾಡುತ್ತೆ. ಕೆಳಗೆ ಎಷ್ಟುದ್ದ ಇದ್ರೂ ಅದಕ್ಕೆ ಲೆಕ್ಕಕ್ಕಿಲ್ಲ. ಎಕ್ಸೆಲ್‌ನಲ್ಲಿ ಅತಿ ಉದ್ದದ ಟಿಪ್ಪಣಿ ಇರೋ ಸಾಲನ್ನ ಕತ್ತರಿಸಿ ಎಲ್ಲಕ್ಕಿಂತ ಮೇಲೆ ಅಂಟಿಸಿ, ಆಮೇಲೆ ಮತ್ತೆ ಇಂಪೋರ್ಟ್ ಮಾಡಿ. ಹಳೇ ಎಕ್ಸೆಲ್ ಫೈಲು ಇಟ್ಟುಕೊಂಡಿದೀರಿ ತಾನೆ?

ನನ್ನದೇ ಒಂದು ದಡ್ಡತನ ಹೇಳ್ತೀನಿ. ನಾಕು ವರ್ಷದ ಹಿಂದೆ ಟಿಪ್ಪಣಿ ಕಾಲಂನ ಲಾಂಗ್‌ನಿಂದ ಶಾರ್ಟ್ ಮಾಡಿದೆ, ಯಾವುದೋ ಇನ್ನೊಂದು ಟೇಬಲ್ ಜೋಡಿಸಬೇಕಿತ್ತು, ಲಾಂಗ್ ಟೆಕ್ಸ್ಟ್ ಕಾಲಂ ಮೇಲೆ ಜೋಡಿಸೋಕೆ ಬಿಡಲ್ಲ ಅಂತ. ಸೇವ್ ಮಾಡೋವಾಗ ಏನೋ ಎಚ್ಚರಿಕೆ ಬಂತು. ಓದದೆ 'ಯೆಸ್' ಒತ್ತಿದೆ. ಅರವತ್ತು ಮರದ ಮಾತು ಒಂದೇ ಏಟಿಗೆ ಕೊಯ್ದು ಹೋಯ್ತು. ಅದರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ. ಅವರ ಟಿಪ್ಪಣಿ ಒಂದು 'ಉಪ್ಪುನೀರಲ್ಲಿ ಮೂರನೇ ವರ್ಷಕ್ಕೆ ಈ ಮಿಡಿ' ಅಂತ ನಿಂತಿದೆ. ಮೂರನೇ ವರ್ಷಕ್ಕೆ ಆ ಮಿಡಿ ಏನಾಗುತ್ತೆ ಅಂತ ಈಗ ಯಾರನ್ನ ಕೇಳಲಿ?

ಅಲ್ಲಿಂದೀಚೆಗೆ ನನ್ನ ಕ್ರಮ ಬೇರೆ. ಒಂದೇ ಟಿಪ್ಪಣಿ ಕಾಲಂಗೆ ವರ್ಷಗಟ್ಟಲೆ ಸೇರಿಸ್ತಾ ಹೋಗೋದು ಬಿಟ್ಟೆ. 'ಭೇಟಿ' ಅಂತ ಬೇರೆ ಟೇಬಲ್: ಮರದ ನಂಬರು, ತಾರೀಖು, ಯಾರು ಹೇಳಿದ್ದು, ಏನು ಹೇಳಿದ್ದು. ಒಂದು ಸಲ ಹೋಗಿಬಂದ್ರೆ ಒಂದು ಸಾಲು. ಕೊನೆಯ ಕಾಲಂ ಲಾಂಗ್ ಟೆಕ್ಸ್ಟೇ, ಆದ್ರೆ ಒಂದೊಂದೂ ಚಿಕ್ಕದಾಗಿರುತ್ತೆ, ಯಾವ ವರ್ಷ ಏನಿತ್ತು ಅಂತ ಗೊತ್ತಾಗುತ್ತೆ, ಒಂದು ಕೆಟ್ಟರೆ ಉಳಿದಿದ್ದು ಇರುತ್ತೆ. ಸೊನೆ, ಪರಿಮಳ, ಆಕಾರ, ಬಿಡೋ ತಿಂಗಳು ಇವನ್ನ ಮಾತ್ರ ಟಿಪ್ಪಣಿಯಿಂದ ಹೊರಗೆ ತೆಗೆದು ಪುಟ್ಟ ಪುಟ್ಟ ಕಾಲಂ ಮಾಡಿ. 'ಸೊನೆ ಜಾಸ್ತಿ ಇರೋ ಜೀರಿಗೆ ಮಿಡಿ ಎಷ್ಟಿದೆ' ಅಂತ ಕೇಳಿದ ಕೂಡಲೆ ಉತ್ತರ ಬರಬೇಕಂದ್ರೆ ಅದೇ ದಾರಿ. ಲಾಂಗ್ ಟೆಕ್ಸ್ಟ್‌ನ ಅಕಾರಾದಿ ಜೋಡಿಸಿದ್ರೂ ಮೊದಲ 255 ಮಾತ್ರ ನೋಡುತ್ತೆ.

ಟೈಪಿಸೋ ಬಗ್ಗೆ ಎರಡು ಮಾತು. ಟೆಕ್ಸ್ಟ್ ಫಾರ್ಮ್ಯಾಟ್ 'ಪ್ಲೇನ್' ಇರಲಿ, 'ರಿಚ್' ಬೇಡ. ರಿಚ್ ಮಾಡಿದ್ರೆ ದಪ್ಪಕ್ಷರ, ಬಣ್ಣ ಎಲ್ಲ ಬರುತ್ತೆ ನಿಜ, ಆದ್ರೆ ಒಳಗೆ ವೆಬ್ ಪುಟದ ಥರ ಗುರುತುಗಳು ತುಂಬಿಕೊಳ್ಳುತ್ತೆ. 'ಜೀರಿಗೆ ಮಿಡಿ'ಯಲ್ಲಿ ಜೀರಿಗೆ ಮಾತ್ರ ದಪ್ಪ ಮಾಡಿದ್ರೆ ಎರಡು ಪದದ ಮಧ್ಯೆ ಆ ಗುರುತು ಕೂರುತ್ತೆ, ಹುಡುಕಿದ್ರೆ ಸಿಗಲ್ಲ. ಎರಡನೇದು, ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಟಿಪ್ಪಣಿ ಇದ್ರೆ ಯೂನಿಕೋಡ್‌ಗೆ ಬದಲಾಯಿಸಿಯೇ ಒಳಗೆ ಹಾಕಿ. 'ನುಡಿ', 'ಬರಹ' ಎರಡೂ ತಂತ್ರಾಂಶದಲ್ಲಿ ಆ ಪರಿವರ್ತಕ ಇದೆ. ಇಲ್ದಿದ್ರೆ ಫಾಂಟು ಇಲ್ಲದ ಕಂಪ್ಯೂಟರಲ್ಲಿ ಇಂಗ್ಲಿಷ್ ಕಸದ ರಾಶಿ ಕಾಣುತ್ತೆ. ಫಾರಂನಲ್ಲಿ ಎಂಟರ್ ಒತ್ತಿದ್ರೆ ಮುಂದಿನ ಪೆಟ್ಟಿಗೆಗೆ ಹಾರುತ್ತೆ ಅಂದ್ರಲ್ಲ, ಕಂಟ್ರೋಲ್ ಹಿಡಿದು ಎಂಟರ್ ಒತ್ತಿ, ಹೊಸ ಸಾಲು ಬರುತ್ತೆ.

ಈಗ ಫೋಟೋ. ಹೈಪರ್‌ಲಿಂಕ್ ಕಾಲಂ ನೋಡೋಕೆ ನೀಲಿ ಬಣ್ಣ, ಕೆಳಗೆ ಗೆರೆ, ಒಂದೇ ಮಾತು ಇದ್ದಂಗೆ ಕಾಣುತ್ತೆ. ಒಳಗೆ ಇರೋದು ನಾಕು ತುಂಡು, ಮಧ್ಯೆ # ಗುರುತಿನ ಬೇಲಿ. ತೋರಿಸೋ ಹೆಸರು, ವಿಳಾಸ, ಒಳವಿಳಾಸ, ಮೌಸ್ ಇಟ್ಟಾಗ ಕಾಣೋ ಮಾತು. ಕಣ್ಣಾರೆ ನೋಡಬೇಕಂದ್ರೆ ಒಂದು ಕ್ವೆರಿ ಮಾಡಿ, ಲಿಂಕು ಕಾಲಂಗೆ & ಹಾಕಿ ಖಾಲಿ ಉದ್ಧರಣ ಚಿಹ್ನೆ ಜೋಡಿಸಿ ಓಡಿಸಿ. ಹೀಗೆ ಕಾಣುತ್ತೆ:

ಹೊಳೆಬದಿ ಮರ#ಡಿ:\ಅಪ್ಪೆ\41-2.ಜೆಪಿಜಿ#

ಇದನ್ನ ನೋಡಿದ ಕೂಡಲೆ ನಿಮ್ಮ ಮೂರೂ ತೊಂದರೆ ಬಿಡಿಸಿದಂಗೆ. ಹಳೇ ಲಿಂಕೆಲ್ಲ ಡಿ ಡ್ರೈವ್ ಹುಡುಕ್ತಾ ಇದೆ, ಹೊಸ ಕಂಪ್ಯೂಟರಿಗೆ ಡಿ ಡ್ರೈವೇ ಇಲ್ಲ. ಎಕ್ಸೆಲ್ ಪಟ್ಟಿಯಿಂದ ಅಪೆಂಡ್ ಕ್ವೆರಿಲಿ (ಟೇಬಲ್ಲಿಗೆ ಹೊಸ ಸಾಲು ಸೇರಿಸೋ ಕ್ವೆರಿ) ತಂದ ಲಿಂಕುಗಳಿಗೆ ಬೇಲಿಯೇ ಇಲ್ಲ, ಪೂರ್ತಿ ದಾರಿಯನ್ನ ಅಕ್ಸೆಸ್ 'ತೋರಿಸೋ ಹೆಸರು' ಅಂದ್ಕೊಂಡಿದೆ. ಹಾಗಾಗಿ ನೀಲಿ ಬಣ್ಣ ಬಂದಿದೆ, ಒತ್ತಿದ್ರೆ ಏನೂ ಆಗಲ್ಲ. ತರೋವಾಗ ದಾರಿಯ ಹಿಂದೆ ಮುಂದೆ ಒಂದೊಂದು # ಸೇರಿಸಬೇಕಿತ್ತು. ಮೂರನೇದು ಎಲ್ಲಕ್ಕಿಂತ ಮಜಾ: ಕೆಲವು ಫೋಟೋಗೆ 'ಮರ #41' ಅಂತ ಹೆಸರಿಟ್ಟಿದೀರಿ. ಆ # ಕಂಡ ಕೂಡಲೆ ವಿಳಾಸ ಅಲ್ಲಿಗೆ ಮುಗೀತು ಅಂತ ಅಕ್ಸೆಸ್ ತಿಳ್ಕೊಳ್ಳುತ್ತೆ. ಫೈಲ್ ಹೆಸರಲ್ಲಿ # ಬೇಡವೇ ಬೇಡ ಮಾರಾಯ್ರೇ.

ಸದ್ಯಕ್ಕೆ ಕೆಲಸ ನಡೀಬೇಕಂದ್ರೆ ಅಪ್‌ಡೇಟ್ ಕ್ವೆರಿಯಲ್ಲಿ ರಿಪ್ಲೇಸ್ ಬಳಸಿ ಹಳೇ ದಾರಿ ತೆಗೆದು ಹೊಸ ದಾರಿ ಹಾಕಬಹುದು. ಮಾಡೋಕೆ ಮುಂಚೆ ಫೈಲಿನ ಒಂದು ನಕಲು ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಅಪ್‌ಡೇಟ್ ಕ್ವೆರಿ ಓಡಿಸಿ ಮುಗಿದ ಮೇಲೆ ಹಿಂದಕ್ಕೆ ಬರೋ ದಾರಿ ಇಲ್ಲ.

ಆದ್ರೆ ನನ್ನ ಮಾತು ಕೇಳೋದಾದ್ರೆ ಫೋಟೋಗೆ ಹೈಪರ್‌ಲಿಂಕ್ ಕಾಲಂ ಬಳಸಲೇಬೇಡಿ. ತಿದ್ದಬೇಕು ಅಂತ ಮೌಸ್ ಇಟ್ಟರೆ ತೆರೆಯೋಕೆ ಹೋಗುತ್ತೆ, ಎಫ್2 ಒತ್ತಿಯೇ ಒಳಗೆ ಹೋಗಬೇಕು. ಕಂಪ್ಯೂಟರ್ ಬದಲಾಯಿಸಿದಾಗಲೆಲ್ಲ ಈ ಗೋಳು. ನಾನು ಇಡೋದು ಶಾರ್ಟ್ ಟೆಕ್ಸ್ಟ್ ಕಾಲಂ, ಅದರಲ್ಲಿ ಬರೀ ಫೈಲ್ ಹೆಸರು: ಮರದ ನಂಬರು, ಅಡ್ಡಗೆರೆ, ಫೋಟೋ ನಂಬರು. ಫೋಟೋ ಎಲ್ಲ ಡೇಟಾಬೇಸ್ ಫೈಲ್ ಪಕ್ಕದಲ್ಲೇ ಒಂದು ಫೋಲ್ಡರಲ್ಲಿ. ಫಾರಂನಲ್ಲಿ ಒಂದು ಇಮೇಜ್ ಪೆಟ್ಟಿಗೆ ಇಟ್ಟು, ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ಕರೆಂಟ್‌ಪ್ರಾಜೆಕ್ಟ್ ಡಾಟ್ ಪಾತ್ (ಡೇಟಾಬೇಸ್ ಇರೋ ಜಾಗದ ದಾರಿ), ಫೋಲ್ಡರ್ ಹೆಸರು, ಫೈಲ್ ಹೆಸರು ಮೂರನ್ನೂ ನಡುವೆ ಓರೆಗೆರೆ ಇಟ್ಟು & ಹಾಕಿ ಜೋಡಿಸಿದ್ರೆ ಮರದ ಸಾಲಿಗೆ ಬಂದ ಹಾಗೆ ಫೋಟೋ ಕಾಣುತ್ತೆ. ದೊಡ್ಡದು ಮಾಡಿ ನೋಡೋಕೆ ಒಂದು ಬಟನ್, ಅದರ ಹಿಂದೆ ಫಾಲೋ ಹೈಪರ್‌ಲಿಂಕ್ ಅಂತ ಒಂದೇ ಸಾಲಿನ ಕೋಡು. ಎಚ್ಚರಿಕೆ ಪೆಟ್ಟಿಗೆ ಬಂದ್ರೆ ಹೆದರಬೇಡಿ, ಫೋಟೋ ನಿಮ್ಮದೇ. ಇನ್ನು ಆ ಇಡೀ ಫೋಲ್ಡರ್ ಎತ್ತಿಕೊಂಡು ಎಲ್ಲಿ ಬೇಕಾದ್ರೂ ಹೋಗಿ, ಲಿಂಕು ಸಾಯಲ್ಲ.

ಈಗಿರೋದನ್ನ ಮತ್ತೆ ಟೈಪ್ ಮಾಡಬೇಕಾಗಿಲ್ಲ. ಹೈಪರ್‌ಲಿಂಕ್‌ಪಾರ್ಟ್ ಅಂತ ಒಂದು ಫಂಕ್ಷನ್ ಇದೆ, ಅದಕ್ಕೆ ಕಾಲಂ ಹೆಸರು ಕೊಟ್ಟು ಎರಡನೇ ಜಾಗದಲ್ಲಿ 2 ಅಂತ ಹಾಕಿದ್ರೆ ವಿಳಾಸ ಮಾತ್ರ ಉದುರುತ್ತೆ. ಬೇಲಿ ಇಲ್ಲದ ಸಾಲುಗಳಿಗೆ 1 ಹಾಕಿ, ಅಲ್ಲಿ ದಾರಿ ಇರೋದು ಹೆಸರಿನ ಜಾಗದಲ್ಲೇ. ಅದರಲ್ಲಿ ಕೊನೆಯ ಓರೆಗೆರೆ ಆದ ಮೇಲಿನ ಭಾಗ ಕತ್ತರಿಸಿ ಹೊಸ ಕಾಲಂಗೆ ತುಂಬಿ. '#41' ಹೆಸರಿನವನ್ನ ಮಾತ್ರ ಕೈಯಾರೆ ಸರಿಮಾಡಬೇಕು, ಫೋಲ್ಡರಲ್ಲೂ ಟೇಬಲ್‌ನಲ್ಲೂ. ಫೈಲ್ ಮತ್ತು ಕಾಲಂ ಹೆಸರು ಇಂಗ್ಲಿಷಲ್ಲೋ ಅಂಕಿಯಲ್ಲೋ ಇರಲಿ. ಕೋಡು ಬರೆಯೋ ಕಿಟಕಿಗೆ ಕನ್ನಡ ಬರಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತೆ. ಒಳಗಿನ ಮಾಹಿತಿ ಕನ್ನಡದಲ್ಲಿ ಧಾರಾಳವಾಗಿ ಇರಬಹುದು.

ತೀರ್ಥಹಳ್ಳಿಯವರೊಬ್ಬರು ಕೆಳಗೆ 'ಫೋಟೋನ ಅಟ್ಯಾಚ್‌ಮೆಂಟ್ ಮಾಡಿ ಒಳಗೇ ಇಟ್ಟುಬಿಡಿ' ಅಂದಿದಾರೆ. ಲೆಕ್ಕ ಹಾಕಿ: 140 ಮರ, ಮರಕ್ಕೆ ಐದು ಫೋಟೋ, ಮೊಬೈಲ್ ಫೋಟೋ ಒಂದಕ್ಕೆ 4 ಎಂಬಿ ಹಿಡಿದ್ರೂ 2,800 ಎಂಬಿ. ಅಕ್ಸೆಸ್ ಫೈಲಿನ ಮಿತಿ 2 ಜಿಬಿ. ನೂರನೇ ಮರದ ಹತ್ತಿರ ಬಾಗಿಲು ಮುಚ್ಚುತ್ತೆ.

ಇನ್ನೊಂದು, ನಮ್ಮ ಊರಿನ ಕರೆಂಟು. ಲಾಂಗ್ ಟೆಕ್ಸ್ಟಿನ ಬರಹವನ್ನ ಅಕ್ಸೆಸ್ ಸಾಲಿನ ಜೊತೆ ಇಡದೆ ಬೇರೆ ಕಡೆ ಇಟ್ಟು, ಸಾಲಿನಲ್ಲಿ ಅದರ ಗುರುತು ಮಾತ್ರ ಇಟ್ಕೊಳ್ಳುತ್ತೆ. ಬರೀತಾ ಇರೋವಾಗ ಕರೆಂಟು ಹೋದ್ರೆ ಆ ಗುರುತೇ ತಪ್ಪಿ, ಟಿಪ್ಪಣಿ ಜಾಗದಲ್ಲಿ ಚೀನೀ ಅಕ್ಷರದ ಥರ ಏನೇನೋ ಬರೋದುಂಟು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಟೈಪ್ ಮಾಡಬೇಡಿ. ವಾರಕ್ಕೊಂದು ಸಲ ನಕಲು ತೆಗೆದು ಆಮೇಲೆ ಕಾಂಪ್ಯಾಕ್ಟ್ ಅಂಡ್ ರಿಪೇರ್ (ಫೈಲನ್ನ ಕುಗ್ಗಿಸಿ ಸರಿಮಾಡೋದು) ಓಡಿಸಿ, ಈ ಕ್ರಮ ತಿರುಗಾಮುರುಗಾ ಮಾಡಬೇಡಿ.

ಸಿಕ್ಕಿಹಾಕ್ಕೊಂಡ್ರೆ ಫೈಲು ನನಗೆ ಕಳಿಸಿ, ನೋಡ್ತೀನಿ. ಮರದ ಮನೆಯವರ ಫೋನ್ ನಂಬರಿನ ಕಾಲಂ ತೆಗೆದು ಕಳಿಸಿ. ಹಾಗೇ ಆ 41ನೇ ಮರ ಕಡಿಯೋರಿದಾರೆ ಅಂತ ಬರೆದಿದ್ರಿ. ಮಳೆ ಹಿಡಿದ ಕೂಡಲೆ ನನಗೆ ನಾಕು ಕಸಿಕಡ್ಡಿ ಎತ್ತಿಡಿ, ಸಸಿ ನನ್ನಲ್ಲಿ ತಯಾರಿದೆ.