ಗೋಮಾಳ ಒಣಗಿದರೆ ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ನಮಗೆ ನೂರಕ್ಕೂ ಮಿಕ್ಕಿ ಕುರಿಗಳಿವೆ, ನಾಲ್ಕು ದನಗಳಿವೆ, ಜಮೀನು ಎರಡೇ ಎಕರೆ. ಮಳೆ ಕೈಕೊಟ್ಟ ವರ್ಷ ಗೋಮಾಳ ಒಣಗಿ, ಮೇವಿಗೆ ಸಾಲ ಮಾಡಬೇಕಾಗುತ್ತದೆ. ಶೇಂಗಾ ಕಳೆದುಕೊಂಡವರಿಗೆ ಬರ ಪರಿಹಾರ ಬರುತ್ತದೆ, ಹುಲ್ಲು ಕಳೆದುಕೊಂಡ ನಮಗೆ ಏಕಿಲ್ಲ? ಅಮೆರಿಕದಲ್ಲಿ ಕೊಡುತ್ತಾರಂತೆ, ನಿಜವೇ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಜ. ಬರದಿಂದ ಹುಲ್ಲುಗಾವಲು ಕಳೆದುಕೊಂಡ ಪಶುಪಾಲಕರಿಗೆ ಅಮೆರಿಕದ ಕೃಷಿ ಇಲಾಖೆ ನೇರವಾಗಿ ಹಣ ಕೊಡುತ್ತದೆ. 2014ರ ಕೃಷಿ ಕಾಯ್ದೆಯು ಆ ಯೋಜನೆಯನ್ನು ಕಾಯಂಗೊಳಿಸಿತು. ಬರ ಎಷ್ಟು ತೀವ್ರವಾಗಿದೆ, ಎಷ್ಟು ವಾರ ಮುಂದುವರಿದಿದೆ ಎಂಬುದನ್ನು ವಾರವಾರದ ಬರ ನಕ್ಷೆಯಿಂದ ತಿಳಿದು, ತಿಂಗಳ ಮೇವಿನ ವೆಚ್ಚದ ಶೇ 60ರ ಲೆಕ್ಕದಲ್ಲಿ ಒಂದರಿಂದ ಐದು ತಿಂಗಳವರೆಗಿನ ಮೊತ್ತವನ್ನು ನೀಡುತ್ತಾರೆ. ಆದರೆ ಅಲ್ಲಿಯೂ ಮೇಯಿಸುವ ನೆಲ ಸ್ವಂತದ್ದೋ ಗುತ್ತಿಗೆಯದೋ ಎಂದು ತೋರಿಸಬೇಕು.

ನಮ್ಮ ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಹುಲ್ಲು ಒಣಗಿದ್ದಕ್ಕೆ ಕುಟುಂಬದ ಖಾತೆಗೆ ಹಣ ಹಾಕುವ ಬಾಬತ್ತು ಇಲ್ಲ. ಕೇಂದ್ರ ಸರ್ಕಾರವು 2022–23ರಿಂದ 2025–26ರ ಅವಧಿಗೆ ನಿಗದಿಪಡಿಸಿದ ಮಾನದಂಡಗಳ ಪ್ರಕಾರ, ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ ಎರಡು ಹೆಕ್ಟೇರ್‌ವರೆಗೆ ಸಹಾಯಧನವಿದೆ. ವಿಕೋಪದಲ್ಲಿ ಸತ್ತ ಕುರಿಗೆ 4,000, ಹಾಲು ಕೊಡುವ ಹಸುವಿಗೆ 37,500 ರೂಪಾಯಿ ಇದೆ. ಬೆಳೆಗೆ ಪಹಣಿ ಸಾಕ್ಷಿ, ಸತ್ತ ಪ್ರಾಣಿಗೆ ಮರಣೋತ್ತರ ಪರೀಕ್ಷೆಯ ವರದಿ ಸಾಕ್ಷಿ. ಹಸಿದುಕೊಂಡೇ ಬದುಕುಳಿದ ಕುರಿಗೆ, ಎಲ್ಲರಿಗೂ ಸೇರಿದ ಗೋಮಾಳದ ಹುಲ್ಲಿಗೆ ಯಾವ ದಾಖಲೆಯೂ ಇಲ್ಲ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಯಲ್ಲಿ ಅನೇಕ ಕುಟುಂಬಗಳ ಬದುಕು ಹೊಲಕ್ಕಿಂತ ಹಟ್ಟಿಯನ್ನೇ ನೆಚ್ಚಿಕೊಂಡಿರುವಾಗ, ಬರದ ನಷ್ಟವನ್ನು ಪಹಣಿಯಿಂದ ಮಾತ್ರ ಅಳೆಯುವುದು ಸರಿಯಲ್ಲ.

ಹಾಗೆಂದು ಕೇಳಲು ಏನೂ ಇಲ್ಲವೆಂದಲ್ಲ. ಅದೇ ಮಾನದಂಡಗಳಲ್ಲಿ ಜಾನುವಾರು ಶಿಬಿರಗಳ, ಅಂದರೆ ಬರಗಾಲದ ಗೋಶಾಲೆಗಳ, ಮೇವು, ನೀರು, ಔಷಧಿಗಾಗಿ ದೊಡ್ಡ ಪ್ರಾಣಿಗೆ ದಿನಕ್ಕೆ 80, ಸಣ್ಣ ಪ್ರಾಣಿಗೆ 45 ರೂಪಾಯಿ ನಿಗದಿಯಾಗಿದೆ. ಶಿಬಿರದ ಹೊರಗಿರುವ ಜಾನುವಾರುಗಳಿಗೆ ಮೇವು ಸಾಗಿಸುವ ವೆಚ್ಚಕ್ಕೂ ಅವಕಾಶವಿದೆ. ಗೋಶಾಲೆ ಎಂದೊಡನೆ ದನಗಳೇ ನೆನಪಾಗುವುದರಿಂದ ಕುರಿಯವರು ಕೇಳುವುದೇ ಕಡಿಮೆ. ಆದ್ದರಿಂದ ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ಕೂಡಲೇ, ಊರಿನ ಕುರಿಗಾಹಿಗಳೆಲ್ಲರೂ ಸೇರಿ, ಕುರಿ, ಮೇಕೆ, ದನಗಳ ಸಂಖ್ಯೆಯನ್ನು ಬೇರೆಬೇರೆಯಾಗಿ ನಮೂದಿಸಿ, ತಹಶೀಲ್ದಾರರಿಗೂ ತಾಲ್ಲೂಕು ಪಶು ಆಸ್ಪತ್ರೆಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ನಿಮ್ಮ ಎರಡು ಎಕರೆಯನ್ನು ರೈತರ ಜಮೀನಿನ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿರದಿದ್ದರೆ ಈಗಲೇ ಮಾಡಿಸಿ, ಬೆಳೆ ಪರಿಹಾರವಾದರೂ ತಪ್ಪದಿರಲಿ. ಪ್ರಾಣಿ ಸತ್ತರೆ ಹೂಳುವ ಮೊದಲೇ ಪಶುವೈದ್ಯರನ್ನು ಕರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಹೂತ ಮೇಲೆ ಸಾವಿನ ಕಾರಣವನ್ನು ರುಜುವಾತುಪಡಿಸುವುದು ಬಹಳ ಕಷ್ಟ.